ಶರಾವತಿ ಹಿನ್ನೀರಿನಿಂದ ಗೋಕರ್ಣದವರೆಗೆ: ಟೆಂಟ್ ಎಲ್ಲಿ, ಈಜು ಎಲ್ಲಿ, ನಡಿಗೆ ಎಲ್ಲಿ

ಸಾಗರ ಪೇಟೆಯ ಹತ್ತಿರದ ಶರಾವತಿ ಹಿನ್ನೀರಿನಲ್ಲಿ ಶುರುಮಾಡಿ ಜೋಗ, ಗೇರುಸೊಪ್ಪೆ, ಹೊನ್ನಾವರ, ಕುಮಟಾ ದಾಟಿ ಗೋಕರ್ಣ ಮುಟ್ಟುವ ದಾರಿ ಟೆಂಟ್ ಹೊತ್ತು ತಿರುಗುವವರಿಗೆ ಹೇಳಿ ಮಾಡಿಸಿದ ಹಾಗಿದೆ. ಕಾಡು, ಘಟ್ಟ, ನದಿ, ಕಡಲು ಎಲ್ಲ ಒಂದೇ ಓಟದಲ್ಲಿ ಸಿಗುತ್ತವೆ. ಜಾಗ ಆರಿಸುವುದು ಕಷ್ಟವಾಗುವುದೂ ಅದಕ್ಕೇ. ಎಲ್ಲಿ ನಿಂತರೂ ಫೋಟೋ ಚೆನ್ನಾಗಿ ಬರುತ್ತದೆ, ಎಲ್ಲಿ ನೋಡಿದರೂ ನೀರು. ನೋಟಕ್ಕೆ ಮರುಳಾಗಿ ಟೆಂಟ್ ಬಿಚ್ಚಿದರೆ, ಬೆಳಿಗ್ಗೆ ಎದ್ದು ನೋಡುವಾಗ ಈಜಲು ಇಳಿಯಲಾಗದ ದಡದಲ್ಲಿ ಕೂತಿರುತ್ತೀರಿ. ನಮ್ಮ ಜೊತೆ ಮಕ್ಕಳೂ ಇದ್ದುದರಿಂದ ಹೊರಡುವ ಮೊದಲೇ ಲೆಕ್ಕ ತಿರುಗಿಸಿಕೊಂಡಿದ್ದೆವು: ಮೊದಲು ಧೈರ್ಯವಾಗಿ ಇಳಿಯಬಹುದಾದ ನೀರು, ಆಮೇಲೆ ಅದರ ಹತ್ತಿರದ ಸಮತಟ್ಟು ನೆಲ, ಕೊನೆಗೆ ಅಲ್ಲಿಂದ ಹೊರಡುವ ಕಾಲುದಾರಿ. ನೋಟದ ಬಗ್ಗೆ ತಲೆಕೆಡಿಸಿಕೊಳ್ಳಲೇ ಇಲ್ಲ. ಈ ಭಾಗದಲ್ಲಿ ಅದಕ್ಕೆ ಬರವಿಲ್ಲ.

ಹೋಗುವುದಾದರೆ ಅಕ್ಟೋಬರ್ ಕೊನೆಯಿಂದ ಫೆಬ್ರುವರಿಯೊಳಗೆ ಹೋಗಿ. ಮಳೆಗಾಲದಲ್ಲಿ ಘಟ್ಟ ನೋಡಲು ಎಷ್ಟು ಚಂದವೋ ಟೆಂಟಿಗೆ ಅಷ್ಟೇ ಕೆಟ್ಟದ್ದು. ಕಡಲಿಗಂತೂ ಆಗ ಇಳಿಯುವ ಮಾತೇ ಇಲ್ಲ. ಮಾರ್ಚ್ ದಾಟಿದರೆ ಕರಾವಳಿಯ ಸೆಕೆಗೆ ಟೆಂಟಿನೊಳಗೆ ನಿದ್ದೆ ಬರುವುದಿಲ್ಲ.

ಬೆಂಗಳೂರಿನಿಂದ ತಾಳಗುಪ್ಪಕ್ಕೆ ರಾತ್ರಿ ರೈಲಿದೆ. ಬೆಳಗಾಗುವ ಹೊತ್ತಿಗೆ ಸಾಗರ, ಅದರ ಮುಂದಿನ ತಾಳಗುಪ್ಪವೇ ಕೊನೆಯ ನಿಲ್ದಾಣ. ಟೆಂಟಿನ ಮೊದಲ ಜಾಗವಾದ ಹೊನ್ನೆಮರಡಿಗೆ ಅಲ್ಲಿಂದ ಆಟೋದಲ್ಲಿ ಹೋಗಬಹುದು. ಅಕ್ಕಿ, ಬೇಳೆ, ತರಕಾರಿ, ಮೇಣದಬತ್ತಿ ಏನಿದ್ದರೂ ಪೇಟೆಯಲ್ಲೇ ಕಟ್ಟಿಸಿಕೊಳ್ಳಿ, ಒಳಗೆ ಹೋದ ಮೇಲೆ ಅಂಗಡಿ ಹುಡುಕುತ್ತ ಅಲೆಯುವುದು ಬೇಡ.

ಹೊನ್ನೆಮರಡು ಲಿಂಗನಮಕ್ಕಿ ಜಲಾಶಯದ ದಡದ ಊರು. 1964ರಲ್ಲಿ ಅಣೆಕಟ್ಟು ಮುಗಿದ ಮೇಲೆ ಇಲ್ಲಿನ ಹಳ್ಳಿ, ಗದ್ದೆ, ತೋಟ, ಕಾಡು ಎಲ್ಲ ನೀರಿನಡಿ ಹೋದವು. ಈಜುವವರು ನೆನಪಿಡಬೇಕಾದ್ದು ಇದೊಂದನ್ನೇ. ಮೇಲಿನಿಂದ ನೋಡಿದರೆ ನೀರು ಕನ್ನಡಿ, ಅಲೆ ಇಲ್ಲ, ಸೆಳೆತ ಇಲ್ಲ. ಅಡಿಯಲ್ಲಿ ಮಾತ್ರ ಹಳೆಯ ಕಾಡಿನ ಮರದ ಬೊಡ್ಡೆಗಳು ಇನ್ನೂ ನಿಂತಿವೆ. ನಾವು ಒಂದು ಚಂದದ ಕೊಲ್ಲಿಯಂಥ ಜಾಗ ಕಂಡು ಚೀಲ ಇಳಿಸುತ್ತಿದ್ದಾಗ ದನ ಹೊಡೆದುಕೊಂಡು ಬಂದ ಹಿರಿಯರೊಬ್ಬರು ದೂರದಿಂದಲೇ ಕೂಗಿದರು: "ಅಲ್ಲಿ ಇಳೀಬೇಡಿ ಮಾರಾಯ್ರೆ, ಅಡೀಲಿ ಬೊಡ್ಡೆ ಇದಾವೆ. ಆಚೆ ದಿಬ್ಬದ ಕಡೆ ಹೋಗಿ, ಅಲ್ಲಿ ಮೊದ್ಲು ಗದ್ದೆ ಇತ್ತು." ಹೇಳಿದ್ದು ಅಷ್ಟೇ, ಆದರೆ ಅದರಲ್ಲಿ ಎಲ್ಲ ಇತ್ತು. ಮೊದಲು ಗದ್ದೆಯಿದ್ದ ಕಡೆ ನೆಲ ನಿಧಾನಕ್ಕೆ ಇಳಿಯುತ್ತದೆ, ಕಾಲಿಗೆ ಮಣ್ಣು ಸಿಗುತ್ತದೆ, ಬೊಡ್ಡೆ ಇರುವುದಿಲ್ಲ. ಕಾಡಿದ್ದ ಕಡೆ ಎರಡು ಹೆಜ್ಜೆಗೆ ಆಳ. ಹಿನ್ನೀರಿನ ಯಾವ ಮೂಲೆಗೇ ಹೋಗಿ, ಊರಿನ ಹಿರಿಯರನ್ನು ಹುಡುಕಿ, ಇಲ್ಲಿ ಮುಂಚೆ ಏನಿತ್ತು ಎಂದು ಕೇಳಿಯೇ ನೀರಿಗಿಳಿಯಿರಿ. ಮೇಲಿನಿಂದ ಜಿಗಿಯುವ ಚಪಲವಿದ್ದರೆ ಬಿಟ್ಟುಬಿಡಿ.

ಇಲ್ಲಿ ಸಾಹಸ ಶಿಬಿರ ನಡೆಸುವವರ ಮೂಲಕ ಹೋಗುವುದೇ ಒಳ್ಳೆಯದು. ಹಿನ್ನೀರಿನ ದಡದ ಬಹುಪಾಲು ಅರಣ್ಯಕ್ಕೋ ಅಭಯಾರಣ್ಯಕ್ಕೋ ಜಲವಿದ್ಯುತ್ ನಿಗಮಕ್ಕೋ ಸೇರಿದ್ದು, ಕಂಡಲ್ಲಿ ಗೂಟ ಹೊಡೆಯುವ ಹಾಗಿಲ್ಲ. ಶಿಬಿರದವರ ಹತ್ತಿರ ತೆಪ್ಪ, ದೋಣಿ, ಲೈಫ್ ಜಾಕೆಟ್ ಇರುತ್ತವೆ. ಈಜು ಬರುವವರಿಗೂ ಜಾಕೆಟ್ ಹಾಕಿಸುತ್ತಾರೆ. ನಮ್ಮ ಜೊತೆಗಿದ್ದ, ಈಜುಕೊಳದಲ್ಲಿ ದಿನಾ ಈಜುವ ಗೆಳೆಯನಿಗೆ ಇದು ಅವಮಾನವೆನಿಸಿ ಸ್ವಲ್ಪ ಹೊತ್ತು ದಡದಲ್ಲೇ ಮುನಿಸಿಕೊಂಡು ಕೂತಿದ್ದ. ಜಾಕೆಟ್ ಹಾಕಿಕೊಂಡು ಅಂಗಾತ ತೇಲುವ ಸುಖ ಗೊತ್ತಾದ ಮೇಲೆ ಅವನನ್ನು ಮೇಲಕ್ಕೆ ಕರೆತರುವುದೇ ಕಷ್ಟವಾಯಿತು.

ಟೆಂಟ್ ಹಾಕುವ ನೆಲ ತಿಂಗಳಿಗೊಂದು ರೀತಿ ಇರುತ್ತದೆ. ಜಲಾಶಯದ ಪೂರ್ಣ ಮಟ್ಟ 1,819 ಅಡಿ. ಮಳೆ ಚೆನ್ನಾಗಿ ಆದ ವರ್ಷ ಅಕ್ಟೋಬರಿನಲ್ಲಿ ನೀರು ಮರಗಳ ಬುಡದವರೆಗೆ ಬಂದಿರುತ್ತದೆ, ಸಮತಟ್ಟು ಜಾಗ ಕಡಿಮೆ, ಆದರೆ ಟೆಂಟಿನಿಂದ ನೀರಿಗೆ ನಾಲ್ಕು ಹೆಜ್ಜೆ. ಫೆಬ್ರುವರಿಯ ಹೊತ್ತಿಗೆ ನೀರು ಹಿಂದೆ ಸರಿದು ಅಗಲವಾದ ಬಯಲು ತೆರೆದುಕೊಳ್ಳುತ್ತದೆ. ಆಗ ಜಾಗಕ್ಕೆ ಕೊರತೆ ಇಲ್ಲ, ನೀರಿಗೆ ಹೋಗುವಾಗ ಮಾತ್ರ ಕೆಸರು ತುಳಿಯಬೇಕು. ಮೇಲೆ ಒಣಗಿ ಬಿರುಕು ಬಿಟ್ಟಂತೆ ಕಂಡರೂ ಒಳಗೆ ಮೊಣಕಾಲವರೆಗೆ ಹೂಳಿರುವ ಜಾಗಗಳಿವೆ, ಕೋಲು ಊರಿ ನೋಡಿಕೊಂಡು ಹೋಗಿ. ರಾತ್ರಿ ಇಬ್ಬನಿ ಮಳೆಯಂತೆ ಸುರಿಯುತ್ತದೆ. ಹೊರಪದರ ಬಿಗಿಯಾಗಿ ಎಳೆದು ಕಟ್ಟದಿದ್ದರೆ ಒಳಬಟ್ಟೆಗೆ ತಾಗಿ ಬೆಳಗಿನ ಜಾವ ಹೊದಿಕೆಯೆಲ್ಲ ತೇವ.

ನಡಿಗೆಗೆ ಹೊನ್ನೆಮರಡಿನ ಸುತ್ತಲ ದಡವೇ ಅರ್ಧ ದಿನಕ್ಕೆ ಸಾಕು. ಇಡೀ ದಿನ ನಡೆಯಬೇಕೆಂದರೆ 1,343 ಮೀಟರ್ ಎತ್ತರದ ಕೊಡಚಾದ್ರಿ ಇದೆ. ಮೊದಲಾದರೆ ಹಿನ್ನೀರು ದಾಟಲು ಅಂಬಾರಗೋಡ್ಲಿನಲ್ಲಿ ಲಾಂಚಿಗೆ ಕಾಯಬೇಕಿತ್ತು. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಸಾಗರದಿಂದ ಆ ಕಡೆ ಹೋಗುವುದು ಸಲೀಸಾಗಿದೆ. ಲಾಂಚಿನ ಮೇಲೆ ಗಾಳಿಗೆ ಮುಖವೊಡ್ಡಿ ನಿಲ್ಲುವುದು ತಪ್ಪಿತಲ್ಲ ಎಂದು ನಮ್ಮಂಥವರಿಗೆ ಬೇಜಾರು. ರಾತ್ರಿ ಹೆರಿಗೆ ನೋವು ಬಂದರೆ ಲಾಂಚಿಗೆ ಕಾಯುತ್ತಿದ್ದ, ಹಿನ್ನೀರಿನಿಂದ ದ್ವೀಪದಂತಾದ ಆಚೆ ದಡದ ಜನರಿಗೆ ಅಂಥ ಬೇಜಾರೇನೂ ಇರಲಾರದು. ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕಾದ ದಾರಿಗಳಿಗೆ ಆನ್‌ಲೈನಿನಲ್ಲೇ ಮುಂಗಡ ಮಾಡಿಸಿಕೊಳ್ಳಿ. ಗೇಟಿನಲ್ಲಿ ಹೋಗಿ ಕೇಳಿಕೊಳ್ಳೋಣ ಎಂದರೆ ನಡೆಯುವುದಿಲ್ಲ.

ಕಾಡಿನ ನಡಿಗೆಯಲ್ಲಿ ಉಂಬಳಕ್ಕೆ ಎಲ್ಲರೂ ಹೆದರುತ್ತಾರೆ. ಉಂಬಳ ರಕ್ತ ಕುಡಿದು ಬಿದ್ದುಹೋಗುತ್ತದೆ, ಅದರಿಂದ ಏನೂ ಆಗುವುದಿಲ್ಲ. ಹೆದರಬೇಕಾದ್ದು ಉಣುಗಿಗೆ. ಅದು ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು ಇದೇ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಇದರಿಂದ ಜನ ಸತ್ತಿದ್ದಾರೆ. ಡಿಸೆಂಬರಿನಿಂದ ಮೇ ತನಕ ಇದರ ಕಾಲ, ಅಂದರೆ ಸರಿಯಾಗಿ ನಾವು ಟೆಂಟ್ ಹೊತ್ತು ತಿರುಗುವ ಕಾಲ. ಆ ಊರಿನ ಆಶಾ ಕಾರ್ಯಕರ್ತೆಯನ್ನೋ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ಮಂಗ ಸತ್ತ ಸುದ್ದಿ ಇದೆಯೇ ಎಂದು ವಿಚಾರಿಸಿ. ಇದ್ದರೆ ಆ ಕಾಡಿಗೆ ಹೋಗಲೇಬೇಡಿ. ಪ್ಯಾಂಟಿನ ತುದಿ ಸಾಕ್ಸಿನೊಳಗೆ ಸೇರಿಸಿ. ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ವಾಪಸು ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಮೈಯೆಲ್ಲ ಸೋಪು ಹಚ್ಚಿ ತೊಳೆದು, ಕಂಕುಳು, ತೊಡೆಸಂದು, ಕಿವಿಯ ಹಿಂದೆ ಹುಡುಕಿ. ಮನೆ ಸೇರಿದ ಮೇಲೆ ಜ್ವರ ಬಂದರೆ ಡಾಕ್ಟರಿಗೆ ಯಾವ ಕಾಡಿಗೆ ಹೋಗಿದ್ದಿರಿ ಎಂದು ನೀವಾಗಿಯೇ ಹೇಳಿ. ಬೆಂಗಳೂರಿನ ಡಾಕ್ಟರು ಅದನ್ನು ಕೇಳುತ್ತಾರೆಂಬ ಭರವಸೆ ಬೇಡ.

ಜೋಗದಲ್ಲಿ ಟೆಂಟಿನ ಗೊಡವೆ ಬೇಡ. 253 ಮೀಟರ್ ಮೇಲಿನಿಂದ ಬೀಳುವ ನೀರನ್ನು ನೋಡಿ, ಮೆಟ್ಟಿಲು ತೆರೆದಿದ್ದರೆ ಇಳಿದು ಹತ್ತಿ, ಮುಂದೆ ಹೊರಡಿ. ಕೆಳಗಿನ ಗುಂಡಿ ಈಜುವ ಜಾಗವಲ್ಲ. ಅಲ್ಲಿಂದ ಹೊನ್ನಾವರದ ಕಡೆಗೆ ಘಟ್ಟ ಇಳಿಯುವಾಗ ಗೇರುಸೊಪ್ಪೆಯ ಸುತ್ತ ಶರಾವತಿ ಮತ್ತೆ ಕಾಣುತ್ತದೆ. ಬೇಸಿಗೆಯಲ್ಲಿ ನದಿಯ ಪಾತ್ರದಲ್ಲಿ ಮರಳು, ಬಂಡೆ, ತಿಳಿನೀರು ನೋಡಿ ಯಾರಿಗಾದರೂ ಇಲ್ಲೇ ಇರೋಣ ಅನ್ನಿಸುತ್ತದೆ. ಇರಬೇಡಿ. ಮೇಲೆ ವಿದ್ಯುತ್ ಉತ್ಪಾದನೆಗೆ ಕಟ್ಟಿದ ಅಣೆಕಟ್ಟಿದೆ, ನೀರು ಬಿಟ್ಟಾಗ ಮಳೆಯಿಲ್ಲದ ದಿನವೂ ಹೊಳೆ ಏರುತ್ತದೆ. ಅಣೆಕಟ್ಟಿನ ಕೆಳಗಿನ ಯಾವ ನದೀಪಾತ್ರದಲ್ಲೂ ರಾತ್ರಿ ಕಳೆಯಬಾರದು.

ಹೊನ್ನಾವರದಲ್ಲಿ ಶರಾವತಿ ಸಮುದ್ರ ಸೇರುತ್ತದೆ. ಹೊಳೆಯ ದಕ್ಷಿಣಕ್ಕೆ ಕಾಸರಕೋಡು. 2020ರಲ್ಲಿ ದೇಶದ ಎಂಟು ಕಡಲತೀರಗಳಿಗೆ, ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಅಂತಾರಾಷ್ಟ್ರೀಯ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿತಲ್ಲ, ಅದರಲ್ಲಿ ನಮ್ಮ ರಾಜ್ಯದ್ದು ಎರಡು: ಪಡುಬಿದ್ರಿ ಮತ್ತು ಇದು. ಸ್ನಾನಕ್ಕೆ ಗುರುತು ಮಾಡಿದ ಜಾಗ, ಕಾವಲಿಗೆ ಜೀವರಕ್ಷಕರು, ಉಪ್ಪು ತೊಳೆದುಕೊಳ್ಳಲು ಸಿಹಿನೀರು, ಬಟ್ಟೆ ಬದಲಿಸುವ ಕೋಣೆ. ಟೆಂಟಿನವರಿಗೆ ಇಷ್ಟೊಂದು ಶಿಸ್ತು ಸಪ್ಪೆ ಅನ್ನಿಸಬಹುದು. ಮಕ್ಕಳನ್ನು ಕಡಲಿಗೆ ಇಳಿಸುವುದಾದರೆ ಇಲ್ಲೇ ಇಳಿಸಿ ಎನ್ನುತ್ತೇನೆ.

ನಡಿಗೆಯ ಹಬ್ಬ ಇರುವುದು ಕುಮಟಾದಿಂದ ಗೋಕರ್ಣಕ್ಕೆ. ಕಡಲಂಚಿನ ದಾರಿ, ಸುಮಾರು 25 ಕಿಲೋಮೀಟರ್. ಒಂದೇ ದಿನಕ್ಕೆ ಮುಗಿಸುವವರೂ ಇದ್ದಾರೆ, ಅವರಿಗೆ ಸಮುದ್ರ ನೋಡಲು ಪುರುಸೊತ್ತು ಎಲ್ಲಿ ಸಿಗುತ್ತದೋ ಗೊತ್ತಿಲ್ಲ. ಎರಡು ದಿನಕ್ಕೆ ಹಂಚಿಕೊಳ್ಳಿ. ಮರಳಿನ ಮೇಲೆ ಒಂದಷ್ಟು ದೂರ, ಆಮೇಲೆ ಜಂಬಿಟ್ಟಿಗೆ ಗುಡ್ಡ ಹತ್ತಿ ಇಳಿಯುವುದು, ಮತ್ತೆ ಮರಳು. ಗುಡ್ಡದ ನೆತ್ತಿಯಲ್ಲಿ ನೆರಳಿಲ್ಲ, ಬೆಳಿಗ್ಗೆ ಹತ್ತರ ಮೇಲೆ ಕಲ್ಲು ಕಾದು ಚಪ್ಪಲಿಯೊಳಗೂ ಬಿಸಿ ತಾಗುತ್ತದೆ. ನೀರು ಒಬ್ಬರಿಗೆ ಮೂರು ಲೀಟರಾದರೂ ಇರಲಿ.

ಮಧ್ಯದಲ್ಲಿ ಅಘನಾಶಿನಿ ಅಡ್ಡ ಬರುತ್ತದೆ. ಅಣೆಕಟ್ಟು ಕಾಣದೆ ಸಮುದ್ರ ಸೇರುವ ಹೊಳೆ. ಅಳಿವೆಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಸೊಂಟಮಟ್ಟದ ನೀರಿನಲ್ಲಿ ನಿಂತು ಬಳಚು (ಚಿಪ್ಪಿನ ಮೀನು) ಹೆಕ್ಕುತ್ತಿರುತ್ತಾರೆ. ಅವರು ನಿಂತಿದ್ದಾರೆಂದು ನೀವೂ ನಡೆದೇ ದಾಟಲು ಹೋಗಬೇಡಿ. ಉಬ್ಬರ ತಿರುಗುವ ಹೊತ್ತು ಅವರಿಗೆ ಗೊತ್ತು, ನಮಗಲ್ಲ. ಅಘನಾಶಿನಿ ಊರಿನಿಂದ ತದಡಿಗೆ ದೋಣಿ ಇದೆ, ಬೈಕುಗಳನ್ನೂ ಹತ್ತಿಸಿಕೊಳ್ಳುತ್ತಾರೆ. ಸಂಜೆಯ ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ಬೆಳಿಗ್ಗೆ ಕುಮಟಾ ಬಿಡುವ ಮೊದಲೇ ತಿಳಿದುಕೊಳ್ಳಿ, ಇಡೀ ದಿನದ ನಡಿಗೆಯ ವೇಗ ಅದರ ಮೇಲೆ ನಿಂತಿದೆ.

ತದಡಿಯಿಂದಾಚೆ ಸಾಲಾಗಿ ಕಡಲತೀರಗಳು: ಬೇಲೇಕಾನ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ, ಕೊನೆಗೆ ಗೋಕರ್ಣದ ಊರತೀರ. ಪ್ಯಾರಡೈಸ್ ಮತ್ತು ಹಾಫ್ ಮೂನ್ ನೋಡಿದರೆ ಟೆಂಟ್ ಹಾಕದೆ ಇರಲು ಮನಸ್ಸೇ ಬರದು. ಆದರೆ ಬಯಲಿನಲ್ಲಿ ಟೆಂಟ್ ಹಾಕಿದವರನ್ನು ಪೊಲೀಸರು ಎಬ್ಬಿಸಿ ಕಳಿಸುತ್ತಾರೆ, ರಾತ್ರಿ ಹನ್ನೊಂದಕ್ಕೆ ಗುಡ್ಡ ಹತ್ತಿ ಹೋಗುವ ಪಾಡು ಬೇಡ. ಖಾಸಗಿ ತೋಟ, ಅಂಗಳಗಳಲ್ಲಿ ಜಾಗ ಕೊಡುವವರಿದ್ದಾರೆ. ಜಾಲತಾಣದಲ್ಲಿ ನೋಡಿ ಹಣ ಕಟ್ಟಬೇಡಿ, ಹೋಗಿ ನೋಡಿ ಮಾತಾಡಿ. ನಾವು ಮುಂಗಡ ಕಟ್ಟಿದ್ದ ಒಂದು ಶಿಬಿರದಲ್ಲಿ ಟೆಂಟುಗಳ ನಡುವೆ ಎರಡಡಿ ಜಾಗ, ನಟ್ಟನಡುವೆ ಆಳೆತ್ತರದ ಸ್ಪೀಕರ್. ಕಡಲು ಪಕ್ಕದಲ್ಲೇ ಇತ್ತು, ಅಲೆಯ ಸದ್ದು ಮಾತ್ರ ಕೇಳಲಿಲ್ಲ.

ಈ ತೀರಗಳಲ್ಲಿ ಈಜುವ ಮುಂಚೆ ಹತ್ತು ನಿಮಿಷ ಎತ್ತರದಲ್ಲಿ ನಿಂತು ನೀರನ್ನು ಸುಮ್ಮನೆ ನೋಡಿ. ಅಲೆಗಳು ಸಾಲಾಗಿ ಮುರಿಯುತ್ತಿರುತ್ತವೆ, ಮಧ್ಯೆ ಒಂದು ಕಡೆ ಮಾತ್ರ ಮುರಿಯುವುದಿಲ್ಲ. ಅಲ್ಲಿ ನೀರು ಸಪಾಟು, ಸ್ವಲ್ಪ ಕಪ್ಪು ಬಣ್ಣ, ಕೆಲವೊಮ್ಮೆ ನೊರೆ, ಮರಳು ಹೊರಗೆ ಹೋಗುತ್ತಿರುವುದು ಕಾಣುತ್ತದೆ. ಗೊತ್ತಿಲ್ಲದವರು ಇಳಿಯುವುದು ಅಲ್ಲೇ, ಅಲೆ ಇಲ್ಲವಲ್ಲ ಎಂದು. ದಡಕ್ಕೆ ಬಂದು ಬಿದ್ದ ನೀರೆಲ್ಲ ವಾಪಸು ಹೋಗುವ ದಾರಿ ಅದು. ಸಿಕ್ಕಿಬಿದ್ದರೆ ದಡದ ಕಡೆಗೆ ಎದುರೀಜಾಡಿ ಸುಸ್ತಾಗಬೇಡಿ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ಅಲೆಯ ಜೊತೆ ಒಳಗೆ ಬನ್ನಿ. ಬಂಡೆಗಳಿರುವ ಪ್ಯಾರಡೈಸಿನಲ್ಲಿ ಕಾಲು ನೆನೆಸಿಕೊಂಡರೆ ಸಾಕು. ಈಜಬೇಕಾದರೆ ಕುಡ್ಲೆಗೆ ನಡೆದು ಬನ್ನಿ, ಜೀವರಕ್ಷಕರು ಕೂತಿರುವ ಹೊತ್ತಿನಲ್ಲಿ, ಅವರು ತೋರಿಸಿದ ಜಾಗದಲ್ಲಿ ಇಳಿಯಿರಿ.

ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ, ಜಂಬಿಟ್ಟಿಗೆಯಲ್ಲಿ ಇಳಿಯುವುದೇ ಇಲ್ಲ. ಬಟ್ಟೆಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಳದುದ್ದ ಆಳದಲ್ಲಿ ಹೂತರೆ ಕಡಲಗಾಳಿಗೂ ಟೆಂಟ್ ಜಗ್ಗುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಹೆಚ್ಚು. ಒಣಗಿದ ಕಸಕಡ್ಡಿಯ ಗೆರೆ ದಡದಲ್ಲಿ ಎಲ್ಲಿ ಕಾಣುತ್ತದೋ ನೀರು ಅಲ್ಲಿಯವರೆಗೆ ಬಂದಿತ್ತೆಂದು ಲೆಕ್ಕ, ಅದರಿಂದ ಸಾಕಷ್ಟು ಮೇಲಕ್ಕೆ ಹಾಕಿ.

ವಾಪಸಿಗೆ ಗೋಕರ್ಣ ರೋಡ್ ನಿಲ್ದಾಣದಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ ರೈಲು ಹತ್ತಿದರೆ ಬೆಳಿಗ್ಗೆ ಬೆಂಗಳೂರು. ನಿಲ್ದಾಣ ಊರಿನಿಂದ ಹತ್ತು ಕಿಲೋಮೀಟರ್ ಹತ್ತಿರತ್ತಿರ ಇದೆ, ಆಟೋ ಮೊದಲೇ ಹೇಳಿಟ್ಟುಕೊಳ್ಳಿ. ಭಾನುವಾರದ ಟಿಕೆಟ್ ಕೊನೆ ಗಳಿಗೆಯಲ್ಲಿ ಸಿಗುವುದಿಲ್ಲ. ಹಿಂದೆ ಬರುವ ತಾರೀಕು ಗೊತ್ತಾದ ದಿನವೇ ಮಾಡಿಸಿ, ಕೆಳಗಿನ ಬರ್ತ್ ಸಿಕ್ಕರೆ ಇನ್ನೂ ಒಳ್ಳೆಯದು: ಟೆಂಟಿನ ಚೀಲ ಸೀಟಿನಡಿ ಹಿಡಿಯುತ್ತದೆ.