429 ಕೋಟಿಯಲ್ಲಿ ಒಂದೇ ಒಂದು ತಪ್ಪು

ಸಂಖ್ಯೆ ಡಬ್ಬ ಕಡೆಗೂ ನಿಜ ಹೇಳಲು ಶುರು ಮಾಡಿದೆ. ಹೋದ ವಾರದವರೆಗೆ ಸುಳ್ಳು ಹೇಳುತ್ತಿತ್ತು.

ಆರ್ಡುಯಿನೊ ಉನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಕೀಪ್ಯಾಡ್, 16×2 ಎಲ್‌ಸಿಡಿ. ವೈರಿಂಗ್ ಕಥೆ ಬೇಡ, ನಿಮಗೆಲ್ಲ ಗೊತ್ತಿರುವುದೇ. ಸಂಖ್ಯೆ ಒತ್ತಿದರೆ ಅದರ ಜಾತಕ ಬರಬೇಕು: ಅವಿಭಾಜ್ಯವೋ, ಪರಿಪೂರ್ಣವೋ (ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮವೋ), ಹರ್ಷದವೋ (ತನ್ನ ಅಂಕಿಗಳ ಮೊತ್ತದಿಂದ ಭಾಗವಾಗುತ್ತದೋ). ಅವಿಭಾಜ್ಯವೋ ಅಂತ ಬೇಗ ನೋಡುವ ಮಿಲ್ಲರ್-ರಾಬಿನ್ ಪರೀಕ್ಷೆಗೆ 2, 3, 5, 7 ಬೇಸ್, ಅಂದರೆ ಪರೀಕ್ಷೆಗೆ ಬಳಸುವ ಸಂಖ್ಯೆಗಳು, ಕೊಟ್ಟಿದ್ದೆ. 32 ಬಿಟ್‌ಗೆ, ಅಂದರೆ 429 ಕೋಟಿ ಚಿಲ್ಲರೆವರೆಗಿನ ಸಂಖ್ಯೆಗಳಿಗೆ, ಇಷ್ಟು ಸಾಕು ಅಂದುಕೊಂಡಿದ್ದೆ.

ಯಾವುದಕ್ಕೂ ಇರಲಿ ಅಂತ ಅದೇ ಕೋಡನ್ನು ಲ್ಯಾಪ್‌ಟಾಪ್‌ನಲ್ಲಿ ರಾತ್ರಿಯಿಡೀ ಓಡಿಸಿ, ಜರಡಿ ಹಿಡಿದು ತೆಗೆದ ಅವಿಭಾಜ್ಯಗಳ ಪಟ್ಟಿಯ ಜೊತೆ ಹೋಲಿಸಿದೆ. 429 ಕೋಟಿ ಚಿಲ್ಲರೆ ಸಂಖ್ಯೆಗಳಲ್ಲಿ ತಾಳೆಯಾಗದ್ದು ಒಂದೇ: 3215031751. ಕೋಡು ಅದನ್ನು ಅವಿಭಾಜ್ಯ ಅನ್ನುತ್ತದೆ, ಪಟ್ಟಿಯಲ್ಲಿ ಅದಿಲ್ಲ. ನೂರು ತಪ್ಪಿದ್ದರೆ ಸುಮ್ನೆ ಬಗ್ ಅನ್ನಬಹುದಿತ್ತು. ಒಂದೇ ತಪ್ಪು ನಿದ್ದೆ ಕೆಡಿಸುತ್ತದೆ.

ಗುಣಾಕಾರ ಓವರ್‌ಫ್ಲೋ ಆಗ್ತಿದೆ, ಉತ್ತರ ಇಟ್ಟ ಜಾಗದಲ್ಲಿ ಹಿಡಿಸ್ತಿಲ್ಲ ಅಂತ ಎರಡು ರಾತ್ರಿ ಆ ಫಂಕ್ಷನ್ ಕೆದಕಿದೆ. ಏನೂ ಸಿಗಲಿಲ್ಲ. ಡಬ್ಬದಲ್ಲೇ ನೋಡೋಣ ಅಂದರೆ ಕೀಪ್ಯಾಡ್‌ನ 7 ಒಮ್ಮೆ ಒತ್ತಿದರೆ ಎರಡು ಸಲ ಬೀಳುತ್ತದೆ. 'ಒರಿಜಿನಲ್ ಪೀಸ್ ಸಾರ್' ಅಂತ ಕೊಟ್ಟ ಅಂಗಡಿಯವರು ಈಗ ಫೋನ್ ಎತ್ತುತ್ತಿಲ್ಲ.

ಕೊನೆಗೆ ಅಪವರ್ತಿಸಿದೆ: 151 × 751 × 28351. ಇಷ್ಟೆಲ್ಲ ಮಾಡುವ ಬದಲು 3ರಿಂದ ಬೆಸ ಸಂಖ್ಯೆಗಳಲ್ಲಿ ಭಾಗಿಸುತ್ತ ಹೋಗಿದ್ದರೆ 75ನೇ ಭಾಗಾಕಾರಕ್ಕೇ ಸಿಕ್ಕಿಬೀಳುತ್ತಿತ್ತು! ಮೂರರಿಂದಲೂ ಒಂದೊಂದು ಕಳೆಯಿರಿ: 150, 750, 28350. ಮೂರೂ 3215031750ನ್ನು ಶೇಷವಿಲ್ಲದೆ ಭಾಗಿಸುತ್ತವೆ. ಅಂದರೆ ಇದು ಕಾರ್ಮೈಕಲ್ ಸಂಖ್ಯೆ. ಮಿಲ್ಲರ್-ರಾಬಿನ್‌ಗಿಂತ ಸರಳವಾದ ಫರ್ಮಾ ಅವಿಭಾಜ್ಯ ಪರೀಕ್ಷೆಯ ಕಣ್ಣಿಗೆ ಮಣ್ಣೆರಚುವ ಜಾತಿ.

ಆದರೆ ಮಿಲ್ಲರ್-ರಾಬಿನ್ ಮೋಸ ಹೋಗಿದ್ದು ಹೇಗೆ? 3215031750 ಅಂದರೆ 2 × 1607515875, ಎರಡನೆಯದು ಬೆಸ. ಹಾಗಾಗಿ ನೋಡುವುದು ಒಂದೇ ಸಲ: ಬೇಸ್‌ನ 1607515875ನೇ ಘಾತವನ್ನು ನಮ್ಮ ಸಂಖ್ಯೆಯಿಂದ ಭಾಗಿಸಿದರೆ ಶೇಷ +1 ಅಥವಾ −1 (ಅಂದರೆ ಭಾಜಕಕ್ಕಿಂತ ಒಂದು ಕಮ್ಮಿ) ಆಗಬೇಕು. ಮೂರು ಅಪವರ್ತನಗಳನ್ನೂ ಬೇರೆ ಬೇರೆ ಕೂರಿಸಿ, ಒಂದೊಂದರಿಂದಲೂ ಭಾಗಿಸಿದರೆ ಶೇಷ ಏನು ಅಂತ ಕೇಳಿದೆ. 2ಕ್ಕೆ ಮೂವರೂ +1. 3ಕ್ಕೆ ಮೂವರೂ −1. 5ಕ್ಕೆ +1, 7ಕ್ಕೆ −1. ಹೇಳಿಕೊಟ್ಟ ಸಾಕ್ಷಿಗಳ ಹಾಗೆ ಒಂದೇ ಮಾತು! 11 ಕೇಳಿದ ತಕ್ಷಣ ಒಳಗೊಳಗೇ ಜಗಳ: 151 ಮಾತ್ರ +1 ಅನ್ನುತ್ತದೆ, ಉಳಿದೆರಡು −1. ಆಗ ಇಡೀ ಸಂಖ್ಯೆಗೆ +1, −1 ಎರಡೂ ಬರುವುದಿಲ್ಲ, ಕಳ್ಳ ಸಿಕ್ಕಿಬೀಳುತ್ತಾನೆ.

ಪೊಮೆರನ್ಸ್, ಸೆಲ್ಫ್ರಿಜ್, ವ್ಯಾಗ್‌ಸ್ಟಾಫ್ ಎಂಬ ಗಣಿತಜ್ಞರು 1980ರಲ್ಲೇ 2500 ಕೋಟಿವರೆಗೆ ಹುಡುಕಿ, ಈ ನಾಲ್ಕೂ ಬೇಸ್ ದಾಟುವ ಕಳ್ಳ ಇದೊಂದೇ ಅಂತ ತೋರಿಸಿದ್ದರು. ಮೊದಲೇ ಓದಿಕೊಂಡಿದ್ದರೆ ನಿದ್ದೆ ಉಳಿಯುತ್ತಿತ್ತು. 32 ಬಿಟ್‌ಗೆ 2, 7, 61 ಸಾಕಂತೆ. ನಾಲ್ಕರ ಬದಲು ಮೂರು, ಕೆಲಸವೂ ಕಮ್ಮಿ.

ಉಳಿದ ಜಾತಕ: ಭಾಜಕಗಳು 8. ತನ್ನನ್ನು ಬಿಟ್ಟು ಉಳಿದವುಗಳ ಮೊತ್ತ 25715257, ಪರಿಪೂರ್ಣದ ಹತ್ತಿರಕ್ಕೂ ಇಲ್ಲ. ಅಂಕಿಗಳನ್ನು ಕೂಡಿದರೆ ಬರುವ 28 ಮಾತ್ರ ಪರಿಪೂರ್ಣ, ತಮಾಷೆ ಅಲ್ವಾ? ಬೆಸ ಸಂಖ್ಯೆಯನ್ನು 28 ಭಾಗಿಸುವುದಿಲ್ಲ, ಹಾಗಾಗಿ ಹರ್ಷದವೂ ಅಲ್ಲ. ಆ ಹೆಸರಿಟ್ಟ ದೇವಳಾಲಿಯ ಕಾಪ್ರೇಕರ್ ಮೇಷ್ಟ್ರ ನೆನಪಿಗೆ ಮುಂದಿನ ಡಬ್ಬದಲ್ಲಿ 6174ರ ಆಟ ಹಾಕುತ್ತೇನೆ, ಅದೂ ಕನ್ನಡದಲ್ಲಿ: ಎಲ್ಲ ಅಂಕಿಯೂ ಒಂದೇ ಅಲ್ಲದ ನಾಲ್ಕಂಕಿ ಸಂಖ್ಯೆಯ ಅಂಕಿಗಳನ್ನು ಇಳಿಕೆ, ಏರಿಕೆ ಕ್ರಮದಲ್ಲಿ ಜೋಡಿಸಿ ಕಳೆಯುತ್ತ ಹೋದರೆ ಕೊನೆಗೆ 6174 ಬರುತ್ತದೆ. ಈ ಎಲ್‌ಸಿಡಿಯಲ್ಲಿ ನಮ್ಮದೇ ಅಕ್ಷರ ಬರೆಯಲು ಇರುವುದು ಎಂಟೇ ಮನೆ. 'ಅವಿಭಾಜ್ಯ' ಒಂದಕ್ಕೇ ಎಂಟೂ ಖಾಲಿ. ಚುಕ್ಕಿ ಚುಕ್ಕಿಯಾಗಿ ಏನು ಬೇಕಾದರೂ ಬಿಡಿಸಬಹುದಾದ ಓಎಲ್‌ಇಡಿ ಪರದೆ ತರಬೇಕು, ಬೇರೆ ಅಂಗಡಿಯಿಂದ.

ಹೊಸ ಕೀಪ್ಯಾಡ್ ನಿನ್ನೆ ಬಂತು. 7 ಸರಿಯಾಗಿದೆ. 5 ಬೀಳುತ್ತಿಲ್ಲ.