ಇಷ್ಟದ ಭಾವಗೀತೆ ನಮ್ಮ ಬಾಯಲ್ಲಿ ಯಾಕೆ ಸಪ್ಪೆಯಾಗುತ್ತದೆ?

ಕೇಳುವಾಗ ಮೈ ಜುಮ್ಮೆನ್ನಿಸುವ ಹಾಡು ನಾವೇ ಹಾಡಿದಾಗ ಏನೂ ಅನ್ನಿಸದೆ ಮುಗಿದುಹೋಗುತ್ತದೆ. ಸ್ವರ ತಪ್ಪಿರುವುದಿಲ್ಲ, ತಾಳವೂ ಸರಿಯಾಗೇ ಇರುತ್ತದೆ. ರಾಜ್ಯೋತ್ಸವದ ವೇದಿಕೆಯಲ್ಲಿ, ಮದುವೆಮನೆಯಲ್ಲಿ, ಹೊರದೇಶದ ಕನ್ನಡ ಕೂಟಗಳಲ್ಲಿ ಇದು ಮತ್ತೆ ಮತ್ತೆ ಕಾಣುತ್ತದೆ. ಕಂಠ ಅಷ್ಟಕ್ಕಷ್ಟೇ ಎಂದು ಸುಮ್ಮನಾಗುವವರೇ ಹೆಚ್ಚು. ನನಗೆ ತಿಳಿದಂತೆ ಬಹುಪಾಲು ಸಂದರ್ಭಗಳಲ್ಲಿ ಕೆಟ್ಟಿರುವುದು ವಾಕ್ಯ. ಕವಿ ಒಂದು ವಾಕ್ಯ ಕಟ್ಟಿರುತ್ತಾರೆ. ನಾವು ಉಸಿರು ಸಾಲದೆ, ತಾಳಕ್ಕೆ ಹೆದರಿ, ಅದನ್ನು ಎಲ್ಲೆಂದರಲ್ಲಿ ತುಂಡು ಮಾಡುತ್ತೇವೆ. ಭಾವ ಸೋರಿಹೋಗುವುದು ಅಲ್ಲೇ.

ನಿಸಾರ್ ಅಹಮದ್ ಅವರ ‘ನಿತ್ಯೋತ್ಸವ’ವನ್ನೇ ತೆಗೆದುಕೊಳ್ಳಿ. ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ 1978ರಲ್ಲಿ ಬಂದ ಅದೇ ಹೆಸರಿನ ಕ್ಯಾಸೆಟ್ಟು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ. ‘ಜೋಗದ ಸಿರಿ ಬೆಳಕಿನಲ್ಲಿ’ ಎಂದು ಶುರುವಾಗುವ ಪಲ್ಲವಿಯಲ್ಲಿ ‘ಅಲ್ಲಿ’ ಎಂದು ಮುಗಿಯುವ ಪದಗಳೇ ಸಾಲುಗಟ್ಟಿವೆ: ಬೆಳಕಿನಲ್ಲಿ, ಬಳುಕಿನಲ್ಲಿ, ನಿಲುಕಿನಲ್ಲಿ, ತರುಗಳಲ್ಲಿ. ಇಷ್ಟೆಲ್ಲ ಕಡೆ ಏನು ನಡೆಯುತ್ತಿದೆ ಎನ್ನುವುದು ‘ನಿತ್ಯೋತ್ಸವ’ ಎಂಬ ಮಾತು ಬರುವವರೆಗೂ ಗೊತ್ತಾಗುವುದಿಲ್ಲ. ಆ ಕಾಯುವಿಕೆಯೇ ಹಾಡಿನ ಉಬ್ಬು. ಸಾಲಿನ ಕೊನೆ ಬಂತೆಂದು ಪ್ರತಿ ‘ಲ್ಲಿ’ಗೂ ದನಿ ಇಳಿಸಿಬಿಟ್ಟರೆ ನಾಲ್ಕು ಕಡೆ ಪೂರ್ಣವಿರಾಮ ಬಿದ್ದಂತಾಗುತ್ತದೆ. ಆಮೇಲೆ ಬರುವ ‘ನಿತ್ಯೋತ್ಸವ’ಕ್ಕೆ ಏರುವ ಮೆಟ್ಟಿಲೇ ಇರುವುದಿಲ್ಲ. ‘ಅಂಗಡಿಯಲ್ಲಿ, ಬಸ್ಸಿನಲ್ಲಿ, ಆಫೀಸಿನಲ್ಲಿ, ಎಲ್ಲೂ ಸಿಗಲಿಲ್ಲ’ ಎಂದು ಮಾತಾಡುವಾಗ ಪ್ರತಿ ‘ಲ್ಲಿ’ಗೂ ದನಿ ತಾನಾಗಿ ಸ್ವಲ್ಪ ಮೇಲೇ ನಿಲ್ಲುತ್ತದಲ್ಲ, ಹಾಡುವಾಗಲೂ ಅದೇ ಆಗಬೇಕು. ಉಸಿರು ತೆಗೆದುಕೊಳ್ಳಿ, ಆದರೆ ದನಿ ಕೆಳಗಿಳಿಸದೆ.

ಇದೇ ಹಾಡಿನಲ್ಲಿ ಇನ್ನೊಂದು ತೊಡಕಿದೆ. ಸಾಲಿಗೆ ಹನ್ನೆರಡು ಮಾತ್ರೆ (ಒಂದು ಹ್ರಸ್ವಾಕ್ಷರ ಹೇಳುವಷ್ಟು ಕಾಲ ಒಂದು ಮಾತ್ರೆ), ನಡಿಗೆ ಮೂರು ಮೂರರದು. ಗಣ, ಅಂದರೆ ಮಾತ್ರೆಗಳ ಗುಂಪು, ಬಿಡಿಸಿದರೆ ‘ಜೋಗ | ದಸಿರಿ | ಬೆಳಕಿ | ನಲ್ಲಿ’ ಎಂದಾಗುತ್ತದೆ. ತಬಲದ ಪೆಟ್ಟು ‘ದ’ ಮೇಲೆ ಬೀಳುತ್ತದೆ, ಪದ ಮಾತ್ರ ‘ಜೋಗದ’ ಎಂದಿದೆ. ಪೆಟ್ಟಿನ ಮೇಲೆ ಒತ್ತು ಹಾಕಿ ಹಾಡಿದರೆ ‘ದಸಿರಿ’ ಎಂಬ ಇಲ್ಲದ ಪದ ಹುಟ್ಟುತ್ತದೆ. ಸಹ್ಯಾದ್ರಿಯ ಸಾಲಿನ ‘ಲೋಹದದಿರ’ದಲ್ಲಂತೂ ಇದು ಪೂರಾ ಕೈಕೊಡುತ್ತದೆ. ಅದು ‘ಲೋಹದ ಅದಿರ’, ಗಣ ಒಡೆಯುವುದು ‘ಲೋಹ | ದದಿರ’ ಎಂದು. ಎಷ್ಟೋ ಜನ ಅರ್ಥ ಗೊತ್ತಿಲ್ಲದೆ ವರ್ಷಗಟ್ಟಲೆ ಹಾಡುವುದು ಇದೇ ಕಾರಣಕ್ಕೆ. ಪರಿಹಾರ ಸುಲಭ: ತಾಳ ಕೈಯಲ್ಲಿರಲಿ, ಒತ್ತು ಪದದ ಮೊದಲಕ್ಷರಕ್ಕೆ ಹೋಗಲಿ. ‘ಲೋ’ವನ್ನು ಸ್ವಲ್ಪ ತುಂಬಿ ಹಾಡಿ, ‘ಹದದಿರ’ವನ್ನು ನಡುವೆ ಬಿಡದೆ ಒಂದೇ ಎಳೆಯಲ್ಲಿ ಬಿಡಿ. ‘ಹರಿದ್ವರ್ಣ’ದ ‘ದ್ವ’ ಕೂಡ ಅಷ್ಟೇ. ‘ಹರಿ’ ಎಂದು ನಿಲ್ಲಬಾರದು, ‘ರಿ’ಯಿಂದಲೇ ನಾಲಿಗೆ ‘ದ್’ಗೆ ಅಂಟಬೇಕು.

ಕೆ.ಎಸ್. ನರಸಿಂಹಸ್ವಾಮಿಯವರ ‘ದೀಪವು ನಿನ್ನದೆ ಗಾಳಿಯು ನಿನ್ನದೆ’ ನಾಲ್ಕು ನಾಲ್ಕು ಮಾತ್ರೆಯ ನಡಿಗೆ. ಮೊದಲ ನಾಲ್ಕು ಪದ ಗಣಕ್ಕೆ ಸರಿಯಾಗಿ ಕೂರುತ್ತವೆ. ಮುಂದೆ ‘ಆರದಿ | ರಲಿಬೆಳ | ಕು’ ಎಂದು ಒಡೆಯುತ್ತದೆ. ಅಲ್ಲಿ ಉಸಿರು ತೆಗೆದುಕೊಂಡರೆ ಪ್ರಾರ್ಥನೆಯೇ ಎರಡು ಹೋಳು. ‘ಆರದಿರಲಿ’ ಇಡಿಯಾಗಿ ಬರಬೇಕು. ಉಸಿರು ಅದಕ್ಕೆ ಮೊದಲೇ, ‘ಗಾಳಿಯು ನಿನ್ನದೆ’ ಮುಗಿದ ಮೇಲೆ. ಮುಂದೆ ಬರುವ ‘ಮುಳುಗದಿರಲಿ’ಗೂ ಇದೇ ಲೆಕ್ಕ.

ಆದರೆ ಈ ಹಾಡಿನ ನೋವಿರುವುದು ಛಂದಸ್ಸಿನಲ್ಲಿ ಅಲ್ಲ, ‘ಗಾಳಿಯು ನಿನ್ನದೆ’ ಎಂಬ ಎರಡು ಪದಗಳಲ್ಲಿ. ದೀಪ ದೇವರದು ಎಂದು ಯಾರು ಬೇಕಾದರೂ ಹೇಳಿಯಾರು. ಅದನ್ನು ಆರಿಸಲು ಬರುವ ಗಾಳಿಯೂ ಅವನದೇ ಎಂದು ಒಪ್ಪಿಕೊಂಡು, ಆಮೇಲೂ ಬೇಡುವುದಿದೆಯಲ್ಲ, ನನಗೆ ಪ್ರತಿ ಸಲ ಎದೆ ತುಂಬಿ ಬರುವುದು ಅಲ್ಲಿ. ಅನೇಕರು ‘ದೀಪ’ಕ್ಕೆ ಗಮಕವನ್ನೆಲ್ಲ (ಸ್ವರದ ಬಳುಕು, ಓಲಾಟ) ಸುರಿದು, ಗಾಳಿಗೆ ಬರುವಷ್ಟರಲ್ಲಿ ಖಾಲಿಯಾಗಿರುತ್ತಾರೆ. ದೀಪವನ್ನು ಸಾದಾ ಹಾಡಿ. ಗಾಳಿಯನ್ನೂ ಸಾದಾ ಹಾಡಿ, ದನಿ ಮಾತ್ರ ಎಳ್ಳಷ್ಟು ತಗ್ಗಲಿ. ಅಳುವ ದನಿ ಖಂಡಿತ ಬೇಡ. ಗಂಟಲು ನಡುಗಿಸಿದರೆ ಸ್ವರ ಅಲುಗಾಡಿ, ಕೇಳುವವರಿಗೆ ಹಾಡುವವರ ದುಃಖ ಕಾಣುತ್ತದೆಯೇ ಹೊರತು ಕವಿತೆಯದು ಕಾಣುವುದಿಲ್ಲ. ಹೊರದೇಶದಲ್ಲಿ ಬೆಳೆದ ಮಕ್ಕಳಿಗೆ ಕಲಿಸುವವರು ‘ಳ’ವನ್ನು ಮೊದಲ ದಿನವೇ ತಿದ್ದಿ. ನಾಲಿಗೆ ಹಿಂದಕ್ಕೆ ಮಡಚದಿದ್ದರೆ ಗಾಳಿ ಗಾಲಿಯಾಗುತ್ತದೆ.

ಶ್ರುತಿ ಆರಿಸುವುದರಲ್ಲೂ ವಾಕ್ಯ ಕೆಡುತ್ತದೆ. ಪಲ್ಲವಿ ಹಾಡಿ ನೋಡಿ, ಹಿತವಾಗಿದೆ ಎಂದು ಶ್ರುತಿ ಹಿಡಿಯುವುದು ಸಾಮಾನ್ಯ. ಭಾವಗೀತೆಯ ಚರಣ ಸಾಮಾನ್ಯವಾಗಿ ತಾರ ಷಡ್ಜಕ್ಕೋ (ಮೇಲಿನ ‘ಸ’) ಅದರಾಚೆಗೋ ಏರುತ್ತದೆ. ಅಲ್ಲಿ ಗಂಟಲು ಬಿಗಿದು ಪದ ಅರ್ಧಕ್ಕೆ ನಿಲ್ಲುತ್ತದೆ. ಹಾಗಾಗಿ ಮೊದಲು ಇಡೀ ಹಾಡಿನ ಅತಿ ಎತ್ತರದ ಸ್ವರ ಹುಡುಕಿ. ಆ ಸ್ವರದ ಮೇಲಿರುವ ಪದವನ್ನು ಪೂರ್ತಿ ದನಿಯಲ್ಲಿ, ಕಣ್ಣು ಕಿರಿದು ಮಾಡದೆ, ಹತ್ತು ಸಲ ಹಾಡಲು ಬರಬೇಕು. ಅದಕ್ಕೂ ಮೇಲೆ ಇನ್ನೆರಡು ಸ್ವರಸ್ಥಾನ ಕೈಗೆಟಕುವಂತಿರಲಿ. ಅಲ್ಲಿಂದ ಕೆಳಗೆ ಎಣಿಸಿ ಷಡ್ಜ ಗೊತ್ತುಮಾಡಿ. ಗಂಡಸರಿಗೆ ಸಾಮಾನ್ಯವಾಗಿ ಒಂದರಿಂದ ಎರಡೂವರೆ ಮನೆ (ಹಾರ್ಮೋನಿಯಂನಲ್ಲಿ Cಯಿಂದ D#), ಹೆಂಗಸರಿಗೆ ನಾಲ್ಕೂವರೆಯಿಂದ ಆರು ಮನೆ (F#ನಿಂದ A) ಹೊಂದುತ್ತದೆ. ಸಿದ್ಧ ಟ್ರ್ಯಾಕ್ ಇಟ್ಟುಕೊಂಡು ಹಾಡುವವರು ಆ್ಯಪಿನಲ್ಲಿ ಶ್ರುತಿ ಏರಿಳಿಸಬಹುದು, ಎರಡು ಮೂರು ಸ್ವರಸ್ಥಾನದವರೆಗೆ ಪರವಾಗಿಲ್ಲ. ಅದರಾಚೆಗೆ ತಬಲದ ನಾದ ಆಟಿಕೆಯಂತೆ ಕೇಳತೊಡಗುತ್ತದೆ. ಅಷ್ಟು ಅಂತರವಿದ್ದರೆ ಟ್ರ್ಯಾಕ್ ಬಿಟ್ಟು ಬರೀ ತಂಬೂರಿ ಶ್ರುತಿಗೆ ಹಾಡುವುದೇ ಮೇಲು.

ಲಯಕ್ಕೆ ಒಂದೇ ಅಳತೆ: ಹಾಡಿನಲ್ಲಿ ಅಕ್ಷರ ಅತಿ ದಟ್ಟವಾಗಿರುವ ಸಾಲು ಯಾವುದು ನೋಡಿ, ಅದು ಸ್ಪಷ್ಟವಾಗಿ ಬರುವಷ್ಟೇ ವೇಗ. ಶಿಶುನಾಳ ಶರೀಫರ (1819–1889) ‘ಕೋಡಗನ ಕೋಳಿ ನುಂಗಿತ್ತ’ ಹಾಡು ಸಿ. ಅಶ್ವತ್ಥ್ ಅವರ ದನಿಯಲ್ಲಿ ಮನೆಮಾತಾದ ಮೇಲೆ ಎಲ್ಲರೂ ಓಟದಲ್ಲೇ ಶುರು ಮಾಡುತ್ತಾರೆ. ‘ಆಡಲು ಬಂದ ಪಾತರದವಳ ಮದ್ದಳೆ’ ಬಂದಾಗ ‘ದವಳ’ ನುಂಗಿಹೋಗುತ್ತದೆ. ಆ ಸಾಲನ್ನು ಮೊದಲು ಹೇಳಿ ನೋಡಿ, ಅದರ ವೇಗದಲ್ಲೇ ಪಲ್ಲವಿ ಎತ್ತಿ. ‘ನೋಡವ್ವ ತಂಗಿ’ ಎನ್ನುವುದು ಪಕ್ಕದಲ್ಲಿರುವವಳಿಗೆ ಹೇಳುವ ಮಾತು, ಸಭೆಗೆ ಕೂಗುವ ಮಾತಲ್ಲ. ಒಳ್ಳು, ಒನಕೆ, ಹಗ್ಗ, ಮಗ್ಗ ಎಲ್ಲ ನುಂಗಿ ಮುಗಿದು ಗೋವಿಂದ ಗುರುವಿನ ಪಾದಕ್ಕೆ ಬಂದಾಗ ನಗು ನಿಲ್ಲಬೇಕು. ತಬಲದವರಿಗೆ ಮೊದಲೇ ಹೇಳಿಡಿ: ಆ ಚರಣಕ್ಕೆ ತಿಹಾಯಿ (ಮೂರು ಸಲ ನುಡಿಸಿ ಮುಗಿಸುವ ತುಣುಕು) ಬೇಡ, ಬರೀ ಠೇಕಾ (ತಾಳದ ಸಾದಾ ನಡೆ) ಸಾಕು. ನಾಡಗೀತೆಯ ವಿಷಯದಲ್ಲಿ ವೇಗದ ಈ ಗೊಂದಲಕ್ಕೆ ಎಡೆಯಿಲ್ಲ. ಅನಂತಸ್ವಾಮಿಯವರ ಧಾಟಿಯಲ್ಲಿ, ಆಲಾಪ, ಪುನರಾವರ್ತನೆ ಇಲ್ಲದೆ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕೆಂದು ಸರ್ಕಾರ 2022ರಲ್ಲಿ ಗೊತ್ತುಮಾಡಿದೆ.

ಬೇಂದ್ರೆಯವರ ‘ಮೂಡಲ ಮನೆಯ’ ಎಲ್ಲಕ್ಕಿಂತ ಕಷ್ಟ. ‘ಬೆಳ್ಳಿಮೋಡ’ ಚಿತ್ರದಲ್ಲಿ ವಿಜಯಭಾಸ್ಕರ್ ಸಂಗೀತಕ್ಕೆ ಎಸ್. ಜಾನಕಿ ಹಾಡಿದ್ದನ್ನು ಕೇಳಿ ಬೆಳೆದವರಿಗೆ ಅದು ಸಲೀಸು ಅನ್ನಿಸುತ್ತದೆ. ‘ಮುತ್ತಿನ ನೀರಿನ ಎರಕವ ಹೊಯ್ದಾ’ ಸಾಲಿನಲ್ಲಿ ‘ಮುತ್ತಿನ ನೀರಿನ’ ಆದ ಮೇಲೆ ಉಸಿರು ತೆಗೆದುಕೊಂಡರೆ ‘ಎರಕ’ ಒಂಟಿಯಾಗಿ ಉಳಿಯುತ್ತದೆ, ಮುತ್ತಿನ ನೀರಿನ ಏನು ಎಂದು ಕೇಳುಗನಿಗೆ ತಿಳಿಯುವುದಿಲ್ಲ. ‘ಹೊಯ್ದಾ’ ತನಕ ಒಂದೇ ಉಸಿರು ಬೇಕು. ಅದಕ್ಕೆ ಹೊಟ್ಟೆಯವರೆಗೆ ಇಳಿಯುವ ಉಸಿರನ್ನು ಮುಂಚಿನ ವಾದ್ಯದ ತುಣುಕಿನಲ್ಲೇ ತುಂಬಿಕೊಳ್ಳಿ. ಸಾಲು ಶುರುವಾಗುವ ಕ್ಷಣಕ್ಕೆ ಎಳೆದುಕೊಂಡ ಉಸಿರು ಭುಜ ಏರಿಸುತ್ತದೆ, ಎರಡನೇ ಪದಕ್ಕೇ ತೀರುತ್ತದೆ.

ಮೈಕು ಬಾಯಿಂದ ನಾಲ್ಕು ಬೆರಳು ದೂರ, ಸ್ವಲ್ಪ ಓರೆಯಾಗಿರಲಿ. ನೇರ ಹಿಡಿದರೆ ‘ಪ’, ‘ಭ’ಗಳಿಗೆ ಧಪ್ ಎನ್ನುತ್ತದೆ. ಎಕೋ ಹೆಚ್ಚಿಟ್ಟಿದ್ದರೆ ಕಡಿಮೆ ಮಾಡಿಸಿ. ಇಲ್ಲದಿದ್ದರೆ ಒತ್ತಕ್ಷರಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ.

ಕಾರ್ಯಕ್ರಮಕ್ಕೆ ವಾರವಿರುವಾಗಲೇ ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಆ ಕವಿತೆ ಗೊತ್ತಿಲ್ಲದ ಒಬ್ಬರಿಗೆ ಕೇಳಿಸಿ, ಕೇಳಿದ್ದನ್ನು ಕೇಳಿದ ಹಾಗೆ ಬರೆಯಲು ಹೇಳಿ. ಅವರು ತಪ್ಪು ಬರೆದ ಪ್ರತಿ ಜಾಗಕ್ಕೂ ಪೆನ್ಸಿಲಿನಲ್ಲಿ ಗುರುತು ಹಾಕಿ. ಅಲ್ಲಿ ಒತ್ತು ತಪ್ಪಿದೆಯೋ, ಉಸಿರು ತುಂಡಾಗಿದೆಯೋ, ವೇಗ ಹೆಚ್ಚಾಗಿದೆಯೋ ನೋಡಿ, ಆ ಜಾಗಗಳನ್ನಷ್ಟೇ ಬೇರೆಯಾಗಿ ಅಭ್ಯಾಸ ಮಾಡಿ.