ಮೈಕಿನ ಮುಂದಿನ ದುಡಿಮೆ: ಹುಬ್ಬಳ್ಳಿ-ಧಾರವಾಡದವರಿಗೆ

ಧಾರವಾಡ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ದನಿಯನ್ನೇ ದುಡಿಮೆ ಮಾಡಿಕೊಳ್ಳಬೇಕೆನ್ನುವ ಅವಳಿ ನಗರದವರಿಗೆ ಇವತ್ತಿಗೂ ಒಳ್ಳೆಯ ಮೊದಲ ಬಾಗಿಲು ಅದೇ. ಲಿಖಿತ ಪರೀಕ್ಷೆ, ಆಮೇಲೆ ಧ್ವನಿ ಪರೀಕ್ಷೆ. ಪಾಸಾದರೂ ಹಂಗಾಮಿ ಉದ್ಘೋಷಕರದು ಕಾಯಂ ನೌಕರಿಯಲ್ಲ. ತಿಂಗಳಿಗೆ ಕೆಲವೇ ಪಾಳಿ, ಪಾಳಿಗಿಷ್ಟು ಸಂಭಾವನೆ. ಜೋಡಿಗೆ ಇನ್ನೊಂದು ಕೆಲಸ ಬೇಕೇ ಬೇಕು.

ಧ್ವನಿ ಪರೀಕ್ಷೆಯಲ್ಲಿ ಬಹಳ ಮಂದಿ ಎಡವುವುದು ಮಹಾಪ್ರಾಣದಲ್ಲಿ. ‘ಭಾರತ’ ಹೋಗಿ ‘ಬಾರತ’ ಆಗುತ್ತದೆ. ಅಂಗೈಯನ್ನು ಬಾಯಿ ಮುಂದೆ ಹಿಡಿದು ಹೇಳಿ ನೋಡಿ, ‘ಭ’ ಅಂದಾಗ ಗಾಳಿ ತಾಗಬೇಕು. ಆದರೆ ಅದೇ ಗಾಳಿ ಮೈಕಿಗೆ ನೇರ ಬಡಿದರೆ ‘ಧಬ್’ ಅನ್ನುತ್ತದೆ. ಅದಕ್ಕೇ ಮೈಕು ಒಂದು ಗೇಣು ದೂರ, ತುಸು ಓರೆಯಾಗಿರಲಿ. ಹಾಳೆಗಳಿಗೆ ಪಿನ್ ಹೊಡೆಯಬೇಡಿ, ಮಗುಚುವ ಸದ್ದು ಪ್ರಸಾರವಾಗುತ್ತದೆ. ಓದಿದ್ದನ್ನು ಮೆಲ್ಲಗೆ ಪಕ್ಕಕ್ಕೆ ಜಾರಿಸಿ.

ಆಟದ ವೀಕ್ಷಕ ವಿವರಣೆಗೆ ಕಬಡ್ಡಿಯಂಥ ಗರಡಿ ಇನ್ನೊಂದಿಲ್ಲ. ಒಂದು ರೇಡಿಗೆ 30 ಸೆಕೆಂಡ್. ರೇಡರ್ ಯಾರು, ಎದುರು ಎಷ್ಟು ಜನ, ಅಂಕವೆಷ್ಟು, ಎಲ್ಲವೂ ಅಷ್ಟರೊಳಗೆ ಬರಬೇಕು. ಎದುರು ಆರು ಜನರಾದರೂ ಇದ್ದರೆ ಮಾತ್ರ ಬೋನಸ್, ಅಂದರೆ ಬೋನಸ್ ಗೆರೆ ದಾಟಿದ ರೇಡರ್‌ಗೆ ಸಿಗುವ ಹೆಚ್ಚುವರಿ ಅಂಕ. ತಲೆ ಎಣಿಸದೆ ‘ಬೋನಸ್’ ಎಂದು ಕೂಗಿದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ರೇಡಿಯೋ ಈಗಷ್ಟೇ ಹಚ್ಚಿದವರಿಗೆ ಮೈದಾನ ಕಾಣುವುದಿಲ್ಲ, ಅಂಕವನ್ನು ಮತ್ತೆ ಮತ್ತೆ ಹೇಳಿ.

ಟಿವಿಗೆ ಹೋಗುವವರು ಪ್ರಾಂಪ್ಟರ್ (ಓದಬೇಕಾದ ಸಾಲುಗಳನ್ನು ಕ್ಯಾಮೆರಾ ಮುಂದೆ ತೋರಿಸುವ ಪರದೆ) ಒಂದನ್ನೇ ನಂಬಬಾರದು. ಅದು ನಿಂತಾಗ ಕೈಯಲ್ಲಿನ ಹಾಳೆಯೂ ಅದೇ ಸಾಲಿಗೆ ತೆರೆದಿರಬೇಕು.